ಮೆಂತ್ಯದ ನೀರು ಕುಡಿದು ಕಾಳು ಚೆಲ್ಲಬೇಡಿ: ಶುಗರ್ ಇರುವ ಮನೆಗೊಂದು ಮೆಂತ್ಯದ ಮಾರ್ಗದರ್ಶಿ

ರಾತ್ರಿ ಮಲಗುವ ಮುಂಚೆ ಲೋಟಕ್ಕೆ ಒಂದು ಚಮಚ ಮೆಂತ್ಯ ಹಾಕಿ ನೀರು ಹುಯ್ದಿಡುವುದು, ಬೆಳಗ್ಗೆ ಎದ್ದು ಆ ನೀರು ಸೋಸಿ ಕುಡಿಯುವುದು, ಉಳಿದ ಕಾಳನ್ನು ಕರಿಬೇವಿನ ಗಿಡದ ಬುಡಕ್ಕೆ ಸುರಿಯುವುದು. ನನ್ನ ಸೋದರತ್ತೆ ಎರಡು ವರ್ಷ ತಪ್ಪದೆ ಹೀಗೇ ಮಾಡಿದರು. ಒಂದು ಬೆಳಗ್ಗೆ ಅವರ ಅಡುಗೆಮನೆಯಲ್ಲಿ ನಿಂತಿದ್ದಾಗ ಜರಡಿಯಲ್ಲಿ ಉಳಿದ ಕಾಳನ್ನು ಕೈಗೆ ತೆಗೆದುಕೊಂಡು ನೋಡಿದೆ. ಹಿಂದಿನ ರಾತ್ರಿ ಸಣ್ಣ ಕಲ್ಲಿನಂತಿದ್ದ ಕಾಳು ಎರಡರಷ್ಟು ಉಬ್ಬಿತ್ತು. ಬೆರಳಲ್ಲಿ ಹಿಸುಕಿದರೆ ಸಿಪ್ಪೆ ಜಾರಿ, ಒಳಗಿನ ಹಳದಿ ಬೇಳೆಯ ಸುತ್ತ ಗಾಜಿನಂಥ ಲೋಳೆ ಕಾಣಿಸಿತು. ಎರಡು ಬೆರಳ ನಡುವೆ ಎಳೆದರೆ ನೂಲಿನಂತೆ ಬರುತ್ತಿತ್ತು.

"ಅತ್ತೆ, ನಿಮಗೆ ಬೇಕಾದ್ದು ಇದೇ. ಇದನ್ನೇ ನೀವು ಗಿಡಕ್ಕೆ ಹಾಕ್ತಾ ಇದ್ದೀರಿ" ಅಂದೆ.

"ಅಯ್ಯೋ, ಸಾರವೆಲ್ಲ ನೀರಿಗೆ ಇಳಿದಿರುತ್ತಲ್ಲ ಮಾರಾಯ" ಅಂದರು ಅತ್ತೆ.

ಇಳಿದಿರುವುದಿಲ್ಲ. ನೀರಿಗೆ ಬಣ್ಣ ಬರುತ್ತದೆ, ಕಹಿ ಬರುತ್ತದೆ, ಒಂದಿಷ್ಟು ಲೋಳೆಯೂ ಬರುತ್ತದೆ. ಹೆಚ್ಚಿನ ಭಾಗ ಕಾಳಿನಲ್ಲೇ ಉಳಿಯುತ್ತದೆ. ಮೆಂತ್ಯವನ್ನು ನಂಬಿಕೊಂಡವರು ಇದೊಂದನ್ನು ತಿದ್ದಿಕೊಂಡರೂ ಈ ಬರಹದ ಅರ್ಧ ಕೆಲಸ ಆದಂತೆ.

ಮೆಂತ್ಯ ಹೊಟ್ಟೆಯೊಳಗೆ ಏನು ಮಾಡುತ್ತದೆ

ಆ ಲೋಳೆಯ ಹೆಸರು ಗ್ಯಾಲಕ್ಟೋಮ್ಯಾನನ್. ನೀರಿನಲ್ಲಿ ಕರಗಿ ಅಂಟಾಗುವ ಜಾತಿಯ ನಾರು. ಮೆಂತ್ಯದ ತೂಕದಲ್ಲಿ ನಾರಿನಂಶವೇ ಕಾಲು ಭಾಗದಿಂದ ಹೆಚ್ಚುಕಡಿಮೆ ಅರ್ಧದವರೆಗೆ ಇರುತ್ತದೆ. ಅಳೆಯುವ ವಿಧಾನದ ಮೇಲೆ ಲೆಕ್ಕ ಬದಲಾಗುತ್ತದೆ. ಅನ್ನದ ಜೊತೆ, ಇಡ್ಲಿಯ ಜೊತೆ ಈ ಅಂಟು ಹೊಟ್ಟೆಗೆ ಹೋದಾಗ ಊಟ ಗಟ್ಟಿ ಗಂಜಿಯ ಹಾಗೆ ನಿಧಾನವಾಗಿ ಸಣ್ಣ ಕರುಳಿಗೆ ಇಳಿಯುತ್ತದೆ. ಪಿಷ್ಟ ಒಡೆದು ಸಕ್ಕರೆಯಾಗಿ ರಕ್ತಕ್ಕೆ ಸೇರುವುದೂ ನಿಧಾನವಾಗುತ್ತದೆ. ಆದ್ದರಿಂದ ಮೆಂತ್ಯದ ಮೊದಲ ಪರಿಣಾಮ ಕಾಣುವುದು ಊಟದ ನಂತರದ ಶುಗರ್‌ನಲ್ಲಿ. ಇದೇ ಅಂಟು ಕರುಳಿನಲ್ಲಿ ಪಿತ್ತರಸದ ಆಮ್ಲಗಳನ್ನು ಹಿಡಿದುಕೊಂಡು ಹೊರಹಾಕುವುದರಿಂದ ಕೊಲೆಸ್ಟ್ರಾಲ್ ಕೂಡ ಸ್ವಲ್ಪ ಇಳಿಯುತ್ತದೆ. ಇದರ ಜೊತೆಗೆ 4-ಹೈಡ್ರಾಕ್ಸಿಐಸೋಲ್ಯೂಸಿನ್ ಎಂಬ ಅಮೈನೋ ಆಮ್ಲವೂ ಮೆಂತ್ಯದಲ್ಲಿದೆ. ಸಕ್ಕರೆ ಏರಿದಾಗ ಇನ್ಸುಲಿನ್ ಹೆಚ್ಚು ಸುರಿಯುವಂತೆ ಅದು ಪ್ರಚೋದಿಸುತ್ತದೆ ಎಂದು ಪ್ರಯೋಗಾಲಯದ ಅಧ್ಯಯನಗಳು ತೋರಿಸಿವೆ.

ಈ ವಿಷಯದಲ್ಲಿ ನಮ್ಮ ದೇಶದ್ದೇ ಕೆಲಸ ಬೇಕಾದಷ್ಟಿದೆ. ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯವರು 1990ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಟೈಪ್ 1 ಮಧುಮೇಹಿಗಳಿಗೆ ಕೊಬ್ಬು ತೆಗೆದ ಮೆಂತ್ಯದ ಪುಡಿಯನ್ನು ದಿನಕ್ಕೆ 100 ಗ್ರಾಂ, ಎರಡು ಭಾಗ ಮಾಡಿ ಊಟದಲ್ಲಿ ಸೇರಿಸಿ 10 ದಿನ ಕೊಟ್ಟರು. ಮೂತ್ರದಲ್ಲಿ ಹೋಗುವ ಸಕ್ಕರೆ ಶೇ 54ರಷ್ಟು ಇಳಿಯಿತು. ಆದರೆ 100 ಗ್ರಾಂ ಅಂದರೆ ಒಂದು ಬಟ್ಟಲು. ಮನೆಯಲ್ಲಿ ಯಾರೂ ಅಷ್ಟು ತಿನ್ನಲಾರರು, ತಿನ್ನಲೂಬಾರದು. ನನಗೆ ಹೆಚ್ಚು ಉಪಯುಕ್ತವೆನಿಸಿದ್ದು 2015ರಲ್ಲಿ ಪ್ರಕಟವಾದ ಇನ್ನೊಂದು ಭಾರತೀಯ ಅಧ್ಯಯನ. ಶುಗರ್ ಇನ್ನೂ ಬಂದಿಲ್ಲ, ಅಂಚಿನಲ್ಲಿದ್ದಾರೆ ಎನ್ನುವಂಥ 140 ಜನರನ್ನು ಮೂರು ವರ್ಷ ಹಿಂಬಾಲಿಸಿದರು. ಒಂದು ಗುಂಪಿನವರು ಊಟಕ್ಕೆ ಮುಂಚೆ 5 ಗ್ರಾಂನಂತೆ ದಿನಕ್ಕೆ ಎರಡು ಸಲ ಮೆಂತ್ಯದ ಪುಡಿ ತೆಗೆದುಕೊಂಡರು. ಅವರಿಗೆ ಹೋಲಿಸಿದರೆ ತೆಗೆದುಕೊಳ್ಳದವರು ಮಧುಮೇಹಿಗಳಾಗುವ ಸಾಧ್ಯತೆ ನಾಲ್ಕು ಪಟ್ಟಿಗಿಂತ ಹೆಚ್ಚಿತ್ತು. ಸಣ್ಣ ಅಧ್ಯಯನ, ಇದೊಂದನ್ನೇ ಹಿಡಿದುಕೊಂಡು ಭರವಸೆ ಕೊಡಲಾಗದು. ಆದರೂ 10 ಗ್ರಾಂ ಮನೆಯ ಅಡುಗೆಗೆ ಒಗ್ಗುವ ಅಳತೆ. ಈ ಲೇಖನದ ಲೆಕ್ಕವೆಲ್ಲ ಆ 10 ಗ್ರಾಂ ಸುತ್ತಲೇ ಇದೆ.

ಶುರು ಮಾಡುವ ಮುಂಚೆ ಯಾರು ನಿಲ್ಲಬೇಕು

ಅತ್ತೆಯ ಕಥೆಯಲ್ಲಿ ಇನ್ನೊಂದು ಭಾಗವಿದೆ. ಮೆಂತ್ಯದ ನೀರಿನ ಮೇಲೆ ಎಷ್ಟು ನಂಬಿಕೆ ಬಂತೆಂದರೆ, ಒಂದು ಬೇಸಿಗೆಯಲ್ಲಿ ಮೂರು ವಾರ ಮಾತ್ರೆಯನ್ನೇ ಬಿಟ್ಟರು. ಮನೆಯಲ್ಲಿ ಯಾರಿಗೂ ಹೇಳಲಿಲ್ಲ. ಕಾಲ್ಬೆರಳಿನ ಸಂದಿಯ ಸಣ್ಣ ಗಾಯ ಮಾಗದೆ ಹೋದಾಗ ಶುಗರ್ ನೋಡಿಸಿದರೆ 340 ಇತ್ತು. ಗಾಯ ಒಣಗಲು ಎರಡು ತಿಂಗಳು ಹಿಡಿಯಿತು. ಆ ಎರಡು ತಿಂಗಳು ಅವರ ಕಾಲಿಗೆ ಪಟ್ಟಿ ಕಟ್ಟಿದವನು ನಾನು. ಆದ್ದರಿಂದ ಕೈಮುಗಿದು ಕೇಳುತ್ತೇನೆ: ಮೆಂತ್ಯ ಶುರು ಮಾಡಿದ್ದೇನೆಂದು ಮಾತ್ರೆ ಬಿಡಬೇಡಿ, ಇನ್ಸುಲಿನ್ ಇಳಿಸಬೇಡಿ. ಇಳಿಸುವಂತಿದ್ದರೆ ಅದನ್ನು ಡಾಕ್ಟರು ಹೇಳಬೇಕು.

ಇನ್ಸುಲಿನ್ ತೆಗೆದುಕೊಳ್ಳುವವರು, ಗ್ಲಿಮಿಪಿರೈಡ್ ಅಥವಾ ಗ್ಲಿಬೆನ್‌ಕ್ಲಮೈಡ್ ಮಾತ್ರೆ ನುಂಗುವವರು ಡಾಕ್ಟರಿಗೆ ತಿಳಿಸಿಯೇ ಶುರು ಮಾಡಿ. ಇವುಗಳ ಜೊತೆ ಮೆಂತ್ಯವೂ ಸೇರಿದರೆ ಶುಗರ್ ತೀರಾ ಕೆಳಗಿಳಿಯಬಹುದು. ಕೈ ನಡುಕ, ತಣ್ಣನೆಯ ಬೆವರು, ತಡೆಯಲಾಗದ ಹಸಿವು, ಮಂಪರು ಕಂಡರೆ ಮೊದಲು ಮೀಟರ್ ಹಿಡಿಯಿರಿ. 70ಕ್ಕಿಂತ ಕಡಿಮೆ ಇದ್ದರೆ ಮೂರು ಚಮಚ ಸಕ್ಕರೆ ನೀರಿನಲ್ಲಿ ಕದಡಿ ಕುಡಿದು, 15 ನಿಮಿಷ ಬಿಟ್ಟು ಮತ್ತೆ ನೋಡಿ. ಮೀಟರ್ ಹತ್ತಿರವಿಲ್ಲದಿದ್ದರೆ ಕಾಯದೆ ಸಕ್ಕರೆ ಕುಡಿಯಿರಿ.

ಬಸುರಿಯರು ಸಾರಿನ ಪುಡಿಯಲ್ಲಿ, ಒಗ್ಗರಣೆಯಲ್ಲಿ, ದೋಸೆಯಲ್ಲಿ ಬರುವಷ್ಟು ಮೆಂತ್ಯಕ್ಕೆ ಹೆದರಬೇಕಿಲ್ಲ. ಔಷಧಿಯ ಲೆಕ್ಕದಲ್ಲಿ ಚಮಚಗಟ್ಟಲೆ ಮಾತ್ರ ಬೇಡ. ಹೆಚ್ಚಿನ ಪ್ರಮಾಣದಲ್ಲಿ ಅದು ಗರ್ಭಕ್ಕೆ ಒಳ್ಳೆಯದಲ್ಲ ಎಂಬ ಸೂಚನೆ ಪ್ರಾಣಿಗಳ ಅಧ್ಯಯನಗಳಲ್ಲಿ ಸಿಕ್ಕಿದೆ. ವಾರ್ಫರಿನ್‌ನಂಥ, ರಕ್ತ ಹೆಪ್ಪುಗಟ್ಟದಂತೆ ತಡೆಯುವ ಮಾತ್ರೆ ತೆಗೆದುಕೊಳ್ಳುವವರೂ ಕೇಳಿಯೇ ಮುಂದುವರಿಯಿರಿ. ಇನ್ನು ಕಡಲೆಕಾಯಿ ಒಗ್ಗದವರು. ಕಡಲೆಕಾಯಿ, ಕಡಲೆ, ಮೆಂತ್ಯ ಮೂರೂ ಒಂದೇ ದ್ವಿದಳ ಕುಟುಂಬದ ಗಿಡಗಳು, ಒಂದರ ಅಲರ್ಜಿ ಇನ್ನೊಂದರಲ್ಲೂ ಕೆರಳುವುದುಂಟು. ಮೆಂತ್ಯ ನಿಜವಾಗಿ ಒಂದು ಸಣ್ಣ ಬೇಳೆ. ಸಾಂಬಾರ ಡಬ್ಬಿಯಲ್ಲಿ ಇಟ್ಟುಕೊಂಡಿದ್ದೇವೆ ಅಷ್ಟೆ.

ಮೊದಲ ಹೆಜ್ಜೆ: ಕಾಳು

ಮೆಂತ್ಯ ನಮ್ಮಲ್ಲಿಗೆ ಹೆಚ್ಚಾಗಿ ರಾಜಸ್ಥಾನ, ಮಧ್ಯಪ್ರದೇಶ, ಗುಜರಾತ್ ಕಡೆಯಿಂದ ಬರುತ್ತದೆ. ಅಂಗಡಿಯಲ್ಲಿ ಒಂದು ಹಿಡಿ ಅಂಗೈಗೆ ಹಾಕಿಸಿಕೊಳ್ಳಿ. ಕಾಳು ಒಂದೇ ಬಣ್ಣದ ಹಳದಿ ಮಿಶ್ರಿತ ಕಂದಾಗಿರಬೇಕು, ಓರೆಯಾದ ಗೀರು ಸ್ಪಷ್ಟವಾಗಿ ಕಾಣಬೇಕು, ತೂತು ಇರಬಾರದು, ಅಂಗೈಗೆ ಹಿಟ್ಟು ಮೆತ್ತಬಾರದು. ಒಂದು ಕಾಳನ್ನು ಕಚ್ಚಿ ನೋಡಿ. ಕಹಿ ತಕ್ಷಣ ಬರಬೇಕು. ಮುಗ್ಗಲು ವಾಸನೆ ಬಂದರೆ ಬೇಡ. ಪುಡಿ ಪ್ಯಾಕೆಟ್ಟಿಗಿಂತ ಕಾಳು ತಂದು ಮನೆಯಲ್ಲೇ ಬೇಕಾದಷ್ಟು ಪುಡಿ ಮಾಡಿಕೊಳ್ಳುವುದು ವಾಸಿ.

ಒಂದು ಮಾತು ನೆನಪಿಡಿ. ಸೊಪ್ಪು ಬೆಳೆಯಲೆಂದು ಬಿತ್ತನೆ ಬೀಜದ ಅಂಗಡಿಯಿಂದ ತಂದ ಮೆಂತ್ಯ ಉಳಿದಿದ್ದರೆ ಅದನ್ನು ಅಡುಗೆಗೆ ತೆಗೆಯಬೇಡಿ. ಬಿತ್ತನೆ ಬೀಜಕ್ಕೆ ಶಿಲೀಂಧ್ರನಾಶಕ ಲೇಪಿಸಿರುವುದುಂಟು.

ನೆನೆಸುವುದು

ಅಡುಗೆಮನೆಯ ಟೀ ಚಮಚದಲ್ಲಿ ತಲೆ ಸವರಿ ತೆಗೆದರೆ ಸುಮಾರು 4 ಗ್ರಾಂ ಮೆಂತ್ಯ ಹಿಡಿಯುತ್ತದೆ. ಕಾಳನ್ನು ಎರಡು ಸಲ ತೊಳೆದು, ಒಂದು ಚಮಚಕ್ಕೆ ಅರ್ಧ ಲೋಟ ನೀರು ಹಾಕಿ, ಸ್ಟೀಲು ಅಥವಾ ಗಾಜಿನ ಪಾತ್ರೆಯಲ್ಲಿ ಮುಚ್ಚಿಡಿ. ಎಂಟು ಗಂಟೆ ಸಾಕು. ಚಳಿಗಾಲದಲ್ಲಿ ಹೊರಗೇ ಇರಲಿ. ಏಪ್ರಿಲ್, ಮೇ ತಿಂಗಳ ಸೆಕೆಯಲ್ಲಿ ಫ್ರಿಜ್ಜಿನಲ್ಲಿಡಿ, ಇಲ್ಲದಿದ್ದರೆ ಬೆಳಗ್ಗೆ ನೊರೆಯೆದ್ದು ಹುಳಿ ವಾಸನೆ ಬರುತ್ತದೆ. ಹಾಗೆ ಬಂದದ್ದನ್ನು ಚೆಲ್ಲಿ, ಒಂದು ಚಮಚ ಮೆಂತ್ಯಕ್ಕೆ ಲೋಭ ಬೇಡ.

ಬೆಳಗ್ಗೆ ನೀರನ್ನೂ ಕಾಳನ್ನೂ ಎರಡನ್ನೂ ತೆಗೆದುಕೊಳ್ಳಬೇಕು. ಕಾಳನ್ನು ಅಗಿದು ತಿನ್ನಿ. ಇಡಿಯಾಗಿ ನುಂಗಿದರೆ ಬಹುಪಾಲು ಹಾಗೇ ಹೊರಗೆ ಹೋಗುತ್ತದೆ. ಹಲ್ಲು ಗಟ್ಟಿಯಿಲ್ಲದ ಹಿರಿಯರಿಗೆ ಮಿಕ್ಸಿಯಲ್ಲಿ ಎರಡು ಸುತ್ತು ತಿರುಗಿಸಿ ಮಜ್ಜಿಗೆಗೆ ಕಲಸಿಕೊಡಿ. ಒಣ ಪುಡಿಯನ್ನು ಬಾಯಿಗೆ ಹಾಕಿಕೊಂಡು ಒಂದು ಗುಟುಕು ನೀರು ಕುಡಿಯುವ ಅಭ್ಯಾಸ ಕೆಲವರಿಗಿದೆ, ಅದು ಒಳ್ಳೆಯದಲ್ಲ. ಪುಡಿ ಗಂಟಲಲ್ಲೇ ನೀರು ಹೀರಿ ಉಬ್ಬಿ ಅಂಟಿಕೊಳ್ಳಬಹುದು. ಪುಡಿಯೇ ಬೇಕೆಂದರೆ ಒಂದು ಲೋಟ ಮಜ್ಜಿಗೆಯಲ್ಲಿ ಕದಡಿ, ಗಟ್ಟಿಯಾಗುವ ಮುಂಚೆ ಕುಡಿಯಿರಿ.

ಅಳತೆ ಏರಿಸುವುದು

ಮೊದಲ ವಾರ ದಿನಕ್ಕೆ ಅರ್ಧ ಚಮಚ ಮಾತ್ರ. ಮೊದಲ ದಿನವೇ ಎರಡು ಚಮಚ ತಿಂದವರು ಮೂರನೆಯ ದಿನ ಹೊಟ್ಟೆಯುಬ್ಬರ, ಭೇದಿ ಅಂತ ಬಿಟ್ಟುಬಿಡುತ್ತಾರೆ. ನಾರು ಒಮ್ಮೆಲೇ ಹೆಚ್ಚಾದರೆ ಕರುಳು ಹಾಗೆ ಮಾಡುವುದು ಸಹಜ. ಎರಡನೆಯ ವಾರ ಒಂದು ಚಮಚ. ಮೂರನೆಯ ವಾರದಿಂದ ಬೆಳಗ್ಗೆ ಒಂದು, ರಾತ್ರಿ ಒಂದು. ಅಲ್ಲಿಗೆ 8 ಗ್ರಾಂ ಆಯಿತು, ಉಳಿದದ್ದು ಅಡುಗೆಯಿಂದ ಬರುತ್ತದೆ. ನೀರು ಧಾರಾಳವಾಗಿ ಕುಡಿಯಿರಿ. ನೀರು ಸಾಲದೆ ನಾರು ಮಾತ್ರ ಹೆಚ್ಚಾದರೆ ಮಲ ಗಟ್ಟಿಯಾಗುತ್ತದೆ.

ಬೆವರಿಗೆ, ಮೂತ್ರಕ್ಕೆ ಕಾಕಂಬಿಯಂಥ ಸಿಹಿ ವಾಸನೆ ಬಂದರೆ ಗಾಬರಿಯಾಗಬೇಡಿ. ಮೆಂತ್ಯದಲ್ಲಿರುವ ಸೊಟೊಲೋನ್ ಎಂಬ ಅಂಶ ಹಾಗೇ ಹೊರಗೆ ಬರುವುದರಿಂದ ಅದು. ಹೆರಿಗೆಗೆ ಹತ್ತಿರವಿರುವಾಗ ತಾಯಿ ಮೆಂತ್ಯ ಜಾಸ್ತಿ ತಿಂದರೆ ಹುಟ್ಟಿದ ಮಗುವಿನ ಮೈಯಿಂದಲೂ ಈ ವಾಸನೆ ಬರಬಹುದು. ಅದೇ ವಾಸನೆಯ ಒಂದು ಅಪರೂಪದ ಕಾಯಿಲೆಯೂ ಇರುವುದರಿಂದ ಡಾಕ್ಟರುಗಳು ಸುಮ್ಮನೆ ಅನುಮಾನಕ್ಕೆ ಬಿದ್ದದ್ದುಂಟು. ತಾಯಿ ಮೆಂತ್ಯ ತಿಂದಿದ್ದರೆ ಹೇಳಿಬಿಡುವುದು ಒಳ್ಳೆಯದು.

ಯಾವ ಹೊತ್ತಿಗೆ

ಅಂಟು ಊಟದ ಜೊತೆ ಬೆರೆತರೆ ಮಾತ್ರ ಊಟವನ್ನು ನಿಧಾನ ಮಾಡುತ್ತದೆ. ಬೆಳಗ್ಗೆ ಆರಕ್ಕೆ ಮೆಂತ್ಯ, ಒಂಬತ್ತೂವರೆಗೆ ಇಡ್ಲಿ ಅಂದರೆ ಅವೆರಡರ ಭೇಟಿಯೇ ಆಗುವುದಿಲ್ಲ. ತಿಂಡಿಗೆ ಹತ್ತು ಹದಿನೈದು ನಿಮಿಷ ಮುಂಚೆ ಅಥವಾ ತಿಂಡಿಯ ಜೊತೆಗೇ ತೆಗೆದುಕೊಳ್ಳಿ. ದಿನದಲ್ಲಿ ಅನ್ನ ಯಾವಾಗ ಹೆಚ್ಚು ತಿನ್ನುತ್ತೀರೋ ಆ ಹೊತ್ತಿಗೆ ಮೆಂತ್ಯ ಇರಲಿ.

ಥೈರಾಯ್ಡ್ ಮಾತ್ರೆ ತೆಗೆದುಕೊಳ್ಳುವವರು ಇಲ್ಲಿ ಬಹಳ ಎಚ್ಚರ ವಹಿಸಬೇಕು. ನಮ್ಮ ಮನೆಗಳಲ್ಲಿ ಎಷ್ಟೋ ಹೆಂಗಸರು ಎದ್ದ ಕೂಡಲೇ ಥೈರಾಕ್ಸಿನ್ ನುಂಗಿ, ಹತ್ತು ನಿಮಿಷಕ್ಕೆ ಮೆಂತ್ಯದ ನೀರು ಕುಡಿಯುತ್ತಾರೆ. ನಾರು ಆ ಮಾತ್ರೆಯನ್ನು ಸರಿಯಾಗಿ ಹೀರಲು ಬಿಡುವುದಿಲ್ಲ. ಅಂಥವರು ಬೆಳಗಿನ ಮೆಂತ್ಯವನ್ನು ಮಧ್ಯಾಹ್ನದ ಊಟಕ್ಕೆ ಹಾಕಿಕೊಳ್ಳಿ. ಬೇರೆ ಮಾತ್ರೆಗಳಿಗೂ ಮೆಂತ್ಯಕ್ಕೂ ನಡುವೆ ಒಂದೆರಡು ಗಂಟೆ ಬಿಡುವಿದ್ದರೆ ಒಳ್ಳೆಯದು; ಊಟದ ಜೊತೆಯೇ ನುಂಗಬೇಕಾದ ಶುಗರ್ ಮಾತ್ರೆಗಳಿದ್ದರೆ ಡಾಕ್ಟರನ್ನು ಕೇಳಿ ಹೊತ್ತು ಹೊಂದಿಸಿಕೊಳ್ಳಿ.

ಅಡುಗೆಯಲ್ಲಿ

ದಿನಾ ಕಹಿ ಕಾಳು ಅಗಿಯುವ ವ್ರತ ಮೂರು ತಿಂಗಳಿಗಿಂತ ಹೆಚ್ಚು ನಡೆದದ್ದನ್ನು ನಾನು ನೋಡಿಲ್ಲ. ವರ್ಷಗಟ್ಟಲೆ ಉಳಿಯುವುದು ನಾಲಿಗೆಗೆ ಹಿಡಿಸಿದ್ದು ಮಾತ್ರ. ರಾಷ್ಟ್ರೀಯ ಪೋಷಣ ಸಂಸ್ಥೆಯವರೂ ಮೆಂತ್ಯವನ್ನು ರೊಟ್ಟಿಗೆ ಸೇರಿಸಿಯೇ ಕೊಟ್ಟಿದ್ದರು.

ಚಪಾತಿಯಿಂದ ಶುರು ಮಾಡಿ. ಗೋಧಿ ಗಿರಣಿಗೆ ಕಳಿಸುವಾಗ ಕೆಜಿಗೆ 50 ಗ್ರಾಂ ಮೆಂತ್ಯ ಬೆರೆಸಿ. ಮೂರು ಚಪಾತಿಗೆ ಸುಮಾರು 4 ಗ್ರಾಂ ಬಂತು. ಕಹಿ ಗೊತ್ತೇ ಆಗುವುದಿಲ್ಲ, ಹಿಟ್ಟು ಮೃದುವಾಗಿ ನಾದಿಕೊಳ್ಳುತ್ತದೆ. 100 ಗ್ರಾಂ ಬೆರೆಸಿದರೆ ಮಕ್ಕಳು ತಟ್ಟೆ ಸರಿಸುತ್ತಾರೆ.

ಮೆಂತ್ಯದ ದೋಸೆ ಎಲ್ಲರಿಗೂ ಪ್ರೀತಿ. ಎರಡು ಲೋಟ ಅಕ್ಕಿಗೆ ಮೂರು ದೊಡ್ಡ ಚಮಚ ಮೆಂತ್ಯ, ಒಂದು ಹಿಡಿ ಅವಲಕ್ಕಿ. ನೆನೆಸಿ, ನುಣ್ಣಗೆ ರುಬ್ಬಿ, ರಾತ್ರಿಯಿಡೀ ಹುದುಗಲು ಬಿಟ್ಟು, ದಪ್ಪಗೆ ಹುಯ್ದು ಮುಚ್ಚಿ ಬೇಯಿಸಿದರೆ ಹತ್ತಿಯಂಥ ದೋಸೆ. ಮೂರು ದೋಸೆಗೆ 7 ಗ್ರಾಂ ಆಸುಪಾಸು ಮೆಂತ್ಯ ಸಿಗುತ್ತದೆ. ಆದರೆ ಶುಗರ್ ಇರುವವರಿಗೆ ನಾನು ಇದನ್ನು ಹೀಗೇ ಮಾಡಿ ಎನ್ನಲಾರೆ, ಯಾಕೆಂದರೆ ಉಳಿದದ್ದೆಲ್ಲ ಅಕ್ಕಿಯೇ. ಒಂದು ಲೋಟ ಅಕ್ಕಿ ತೆಗೆದು ಅದರ ಜಾಗಕ್ಕೆ ಅರ್ಧ ಲೋಟ ನವಣೆ, ಅರ್ಧ ಲೋಟ ಉದ್ದಿನಬೇಳೆ ಹಾಕಿ, ಎರಡು ದೋಸೆಗೆ ನಿಲ್ಲಿಸಿ.

ಎಲ್ಲಕ್ಕಿಂತ ನನಗಿಷ್ಟವಾದದ್ದು ನಮ್ಮ ಮಲೆನಾಡಿನ ತಂಬುಳಿ. ಒಂದು ಚಮಚ ಮೆಂತ್ಯ, ಅರ್ಧ ಚಮಚ ಜೀರಿಗೆ, ನಾಲ್ಕು ಕಾಳುಮೆಣಸು ಇಷ್ಟನ್ನು ಅರ್ಧ ಚಮಚ ತುಪ್ಪದಲ್ಲಿ ಸಣ್ಣ ಉರಿಯಲ್ಲಿ ಹುರಿಯಬೇಕು. ಕೈ ಬಿಡಬಾರದು. ಮೊದಲು ಕಾಳಿನ ಹಳದಿ ಗಾಢವಾಗುತ್ತದೆ, ಆಮೇಲೆ ಜೇನಿನ ಬಣ್ಣ, ಅಷ್ಟರಲ್ಲಿ ಘಮ ಏಳುತ್ತದೆ. ಆ ಕ್ಷಣಕ್ಕೆ ಇಳಿಸಿ. ಇನ್ನೊಂದು ಅರ್ಧ ನಿಮಿಷ ಬಿಟ್ಟರೆ ಕಪ್ಪಾಗಿ, ಬಾಯಿಗಿಡಲಾಗದ ಕಹಿಯಾಗುತ್ತದೆ. ಎರಡು ಚಮಚ ತೆಂಗಿನ ತುರಿ ಸೇರಿಸಿ ನುಣ್ಣಗೆ ರುಬ್ಬಿ, ಎರಡು ಲೋಟ ಹುಳಿಯಿಲ್ಲದ ಮಜ್ಜಿಗೆ, ಉಪ್ಪು, ಸಾಸಿವೆಯ ಒಗ್ಗರಣೆ. ಅನ್ನದ ಮೊದಲ ತುತ್ತಿಗೇ ಕಲಸಿಕೊಳ್ಳಿ. ಇಬ್ಬರು ಹಂಚಿಕೊಂಡರೆ ಒಬ್ಬರಿಗೆ 2 ಗ್ರಾಂ ಆಯಿತು. ಅತ್ತೆ ಅದಕ್ಕೆ ನೆನೆಸಿದ ಕಾಳು ಇನ್ನೊಂದು ಚಮಚ ಸೇರಿಸಿ ರುಬ್ಬುತ್ತಾರೆ. ಕಹಿ ಮುಂದಾಗುತ್ತದೆ, ಅವರಿಗೆ ರೂಢಿಯಾಗಿದೆ.

ಮೊಳಕೆ ಕಟ್ಟುವವರಿಗೆ

ಮೊಳಕೆ ಬಂದ ಮೆಂತ್ಯಕ್ಕೆ ಕಹಿ ಕಡಿಮೆ, ಹಾಗಾಗಿ ಹಸಿಯಾಗಿಯೇ ಕೋಸಂಬರಿಗೆ ಹಾಕುತ್ತಾರೆ. 2011ರಲ್ಲಿ ಜರ್ಮನಿಯಲ್ಲಿ ಇ. ಕೋಲೈ ಬ್ಯಾಕ್ಟೀರಿಯಾದಿಂದ ಸುಮಾರು 4 ಸಾವಿರ ಜನ ಕಾಯಿಲೆ ಬಿದ್ದು 50ಕ್ಕೂ ಹೆಚ್ಚು ಮಂದಿ ತೀರಿಕೊಂಡರು. ಹುಡುಕುತ್ತಾ ಹೋದಾಗ ಜಾಡು ತಲುಪಿದ್ದು ಈಜಿಪ್ಟಿನಿಂದ ಬಂದಿದ್ದ ಮೆಂತ್ಯದ ಬೀಜದ ಮೊಳಕೆಗೆ. ಬೀಜಕ್ಕೆ ಅಂಟಿದ್ದ ರೋಗಾಣುವಿಗೆ ಮೊಳಕೆಯ ತೇವ, ಬೆಚ್ಚಗಿನ ಗಾಳಿ ಎರಡೂ ಹಿತ. ಕಾಳು ಚೆನ್ನಾಗಿ ತೊಳೆದು, ಆರೆಂಟು ಗಂಟೆಗೊಮ್ಮೆ ನೀರು ಬದಲಿಸಿ, ಮೊಳಕೆ ಬಂದ ಮೇಲೆ ಆವಿಯಲ್ಲಿ ಐದು ನಿಮಿಷ ಬೇಯಿಸಿ ತಿನ್ನಿ. ಬಸುರಿಯರಿಗೆ, ಚಿಕ್ಕ ಮಕ್ಕಳಿಗೆ, ವಯಸ್ಸಾದವರಿಗೆ ಹಸಿ ಮೊಳಕೆ ಕೊಡಲೇಬೇಡಿ.

ಉಳಿದ ನಂಬಿಕೆಗಳು

ಬಾಣಂತಿಗೆ ಮೆಂತ್ಯ ಕೊಟ್ಟರೆ ಎದೆಹಾಲು ಹೆಚ್ಚುತ್ತದೆ ಎಂಬುದಕ್ಕೆ ಸಿಕ್ಕಿರುವ ಪುರಾವೆ ತೆಳ್ಳಗಿದೆ. ಮಗುವಿಗೆ ಪದೇ ಪದೇ ಹಾಲೂಡಿಸುವುದೇ ಹಾಲು ಹೆಚ್ಚುವ ದೊಡ್ಡ ದಾರಿ. ಅದರ ಜೊತೆ ತುಪ್ಪ, ಬೆಲ್ಲ ಹಾಕಿದ ಮೆಂತ್ಯದ ಮುದ್ದೆ ಬಾಣಂತಿಯ ಹೊಟ್ಟೆ ತುಂಬಿಸುವ ಊಟವಾಗಿ ಇರಲಿ. ಮೆಂತ್ಯದಲ್ಲಿ ಕಬ್ಬಿಣ ಹೇರಳ ಎನ್ನುವುದು ನಿಜ, 100 ಗ್ರಾಂಗೆ 33 ಮಿಲಿಗ್ರಾಂ. ನಾವು ತಿನ್ನುವ ಒಂದು ಚಮಚಕ್ಕೆ ಒಂದೂಕಾಲು ಮಿಲಿಗ್ರಾಂ, ಅದೂ ಪೂರ್ತಿ ಮೈಗೆ ಹತ್ತುವುದಿಲ್ಲ. ರಕ್ತಹೀನತೆಯ ಮಾತ್ರೆಗೆ ಇದು ಬದಲಿಯಲ್ಲ. ತಲೆಗೆ ಹಚ್ಚಿದರೆ ಲೋಳೆಯಿಂದ ಕೂದಲು ನುಣುಪಾಗುತ್ತದೆ, ಹೊಸ ಕೂದಲು ಹುಟ್ಟುವುದಿಲ್ಲ. ಮೈಸೂರಿನ ಸಿಎಫ್‌ಟಿಆರ್‌ಐ (ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆ) ವಿಜ್ಞಾನಿಗಳು ಮೆಂತ್ಯ ತಿಂದ ಇಲಿಗಳಲ್ಲಿ ಪಿತ್ತಕೋಶದ ಕಲ್ಲು ಕಡಿಮೆಯಾದದ್ದನ್ನು ಕಂಡಿದ್ದಾರೆ. ಹಾಗೆಂದು ಕಲ್ಲಿನ ನೋವಿರುವವರು ಮೆಂತ್ಯ ತಿನ್ನುತ್ತಾ ಕೂರಬಾರದು.

ನಿಮ್ಮ ಮೈಗೆ ಎಷ್ಟು ಹಿಡಿಸಿತು ಎಂದು ನೋಡುವುದು

ಮನೆಯಲ್ಲಿ ಮೀಟರ್ ಇದ್ದರೆ ಊಹೆ ಬೇಕಿಲ್ಲ. ಒಂದೇ ತಿಂಡಿಯನ್ನು ಇಟ್ಟುಕೊಳ್ಳಿ, ಮೂರು ಇಡ್ಲಿ ಚಟ್ನಿ ಎಂದಿಟ್ಟುಕೊಳ್ಳೋಣ. ಮೂರು ದಿನ ಮೆಂತ್ಯವಿಲ್ಲದೆ ತಿನ್ನಿ. ತಿನ್ನುವ ಮುಂಚೆ ಒಮ್ಮೆ, ಮೊದಲ ತುತ್ತಿನಿಂದ ಸರಿಯಾಗಿ ಎರಡು ಗಂಟೆಗೆ ಇನ್ನೊಮ್ಮೆ ನೋಡಿ ಬರೆದಿಡಿ. ಮುಂದಿನ ಮೂರು ದಿನ ಅದೇ ಮೂರು ಇಡ್ಲಿ, ಅದೇ ಮಾತ್ರೆ, ಅದೇ ನಡಿಗೆ, ಜೊತೆಗೆ ಒಂದು ಚಮಚ ನೆನೆಸಿದ ಮೆಂತ್ಯ. ಮೀಟರ್‌ಗಳಲ್ಲಿ ಶೇ 15ರವರೆಗೆ ಹೆಚ್ಚುಕಡಿಮೆಗೆ ಅವಕಾಶವಿರುವುದರಿಂದ ಹತ್ತು ಅಂಕ ಇಳಿದದ್ದನ್ನು ಲೆಕ್ಕಕ್ಕೆ ಹಿಡಿಯಬೇಡಿ. ಮೂರು ದಿನದ ಸರಾಸರಿಯನ್ನು ಮೂರು ದಿನದ ಸರಾಸರಿಗೆ ಹೋಲಿಸಿ. ಏನೂ ಬದಲಾಗದವರೂ ಇರುತ್ತಾರೆ. ಅಂಥವರು ಇಡ್ಲಿ ಮೂರರಿಂದ ಎರಡಕ್ಕಿಳಿಸಿ ಅದೇ ಪರೀಕ್ಷೆ ಮಾಡಿ ನೋಡಲಿ. ಮೂರು ತಿಂಗಳಿಗೊಮ್ಮೆ, ಹಿಂದಿನ ಎರಡು ಮೂರು ತಿಂಗಳ ಸರಾಸರಿ ಶುಗರ್ ತೋರಿಸುವ ಎಚ್‌ಬಿಎ1ಸಿ ರಕ್ತಪರೀಕ್ಷೆಯೂ ಇರಲಿ, ಪೂರ್ತಿ ಚಿತ್ರ ಸಿಗುವುದು ಅದರಲ್ಲೇ.

ಅತ್ತೆ ಹಳೆಯ ಡೈರಿಯೊಂದರಲ್ಲಿ ಬರೆಯುತ್ತಾರೆ. ಎಡಗಡೆ ತಿಂದದ್ದು, ಬಲಗಡೆ ಅಂಕಿ, ಮೆಂತ್ಯ ತಿಂದ ದಿನ ಪಕ್ಕದಲ್ಲಿ 'ಮೆಂ' ಎಂದು ಒಂದಕ್ಷರ. ಮೊದಲ ಮೂರು ದಿನದ ಸರಾಸರಿ 214 ಇತ್ತು, 'ಮೆಂ' ದಿನಗಳದ್ದು 176. ಮಾತ್ರೆ ಎಂದಿನಂತೆ ನಡೆದಿದೆ. ಡೈರಿಯನ್ನು ಪ್ರತಿ ಸಲ ಡಾಕ್ಟರ ಬಳಿ ತೆಗೆದುಕೊಂಡು ಹೋಗುತ್ತಾರೆ. ಕರಿಬೇವಿನ ಗಿಡಕ್ಕೆ ಈಗ ಮಜ್ಜಿಗೆ ಪಾತ್ರೆ ತೊಳೆದ ನೀರು.